ವಸಂತನ ಅಕ್ಷರ

ವಸಂತ್ ಎನ್ನುವ ಹುಡುಗ ಯಾವತ್ತೂ ಇರಲಿಲ್ಲ. ಅವನನ್ನು ಹುಟ್ಟಿಸಿದ್ದು ನಾನು, ಇನ್ನೂರು ಪುಟದ ನೋಟ್‌ಬುಕ್ಕಿನ ನಾಲ್ಕನೇ ಹಾಳೆಯಲ್ಲಿ, ಒಂದು ನೀಲಿ ಪೆನ್ನಿನಿಂದ. ಆದರೂ ಭದ್ರಾವತಿಯ ಜನ್ನಾಪುರದ ಆ ಬೀದಿಗೆ ಹೋಗಿ ಕೇಳಿದರೆ, ಅವನು ಎಷ್ಟು ಎತ್ತರ ಇದ್ದ, ಯಾವ ಬಣ್ಣದ ಬೈಕ್ ಓಡಿಸುತ್ತಿದ್ದ, ಎಂಥ ಪೋಲಿ ಎಂದು ಹೇಳುವವರು ನಾಲ್ಕು ಮಂದಿಯಾದರೂ ಸಿಗುತ್ತಾರೆ. ಒಬ್ಬರಂತೂ ಅವನನ್ನು ಬಸ್‌ಸ್ಟ್ಯಾಂಡಿನಲ್ಲಿ ಕಣ್ಣಾರೆ ಕಂಡಿದ್ದಾರಂತೆ. ಇಲ್ಲದವನನ್ನು ಕಂಡವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ನನ್ನ ಮೇಲೆ. ಬೈಕಿನ ಬಣ್ಣ ಹೇಳಿದವಳೂ ನಾನೇ.

ನನ್ನ ಹೆಸರು ಮಂಜುಶ್ರೀ. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆ. ಅಪ್ಪ ಹೈಸ್ಕೂಲ್ ಮೇಷ್ಟ್ರು, ಅಮ್ಮ ಸೀತಾಲಕ್ಷ್ಮಿ, ಮನೆಯಲ್ಲಿ ಹಾಲು ಉಕ್ಕಿದರೂ ಪಕ್ಕದ ಮನೆಯವರಿಗೆ ಗೊತ್ತಾಯಿತೇನೋ ಎಂದು ಚಿಂತಿಸುವ ಹೆಂಗಸು. ನಾನು ಅಮ್ಮನ ಮಗಳೇ. ಹಸಿವಾದರೂ ನಾಲ್ಕು ಸಲ ಯೋಚಿಸಿ ಹೇಳುವ ಜಾಯಮಾನ.

ಲಿಖಿತಾ ಸಿಕ್ಕಿದ್ದು ಬಿಎಸ್ಸಿ ಮೊದಲ ವರ್ಷದಲ್ಲಿ. ಬಾಟನಿ ಲ್ಯಾಬಿನಲ್ಲಿ ಒಂದು ಮೈಕ್ರೋಸ್ಕೋಪಿಗೆ ಇಬ್ಬರಂತೆ ಜೋಡಿ ಹಾಕಿದರು, ಅವಳು ನನ್ನ ಪಕ್ಕ ಬಂದು ನಿಂತಳು. ಅವಳು ಬಾಯಿ ತೆರೆದರೆ ಇಡೀ ಲ್ಯಾಬಿಗೆ ಕೇಳುತ್ತಿತ್ತು. ಭದ್ರಾವತಿಯಲ್ಲಿ ಅವಳ ಮನೆಯ ಮುಂಭಾಗವೇ ಹಿಟ್ಟಿನ ಗಿರಣಿ. "ಗಿರಣಿ ಸದ್ದಲ್ಲಿ ಬೆಳೆದೋರಿಗೆ ಮೆಲ್ಲಗೆ ಮಾತಾಡೋಕೆ ಬರಲ್ಲ ಮಾರಾಯ್ತಿ," ಎಂದು ಅವಳೇ ನಗುತ್ತಿದ್ದಳು. ದಿನಾ ಬೆಳಿಗ್ಗೆ ಭದ್ರಾವತಿಯಿಂದ ಪ್ರೈವೇಟ್ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದಳು. ಕೂದಲಿನಲ್ಲಿ ಅಲ್ಲಲ್ಲಿ ಹಿಟ್ಟಿನ ಪುಡಿ ಇರುತ್ತಿತ್ತು. ನಾನು ಕೊಡವುತ್ತಿದ್ದೆ. ಎರಡನೇ ತಿಂಗಳ ಹೊತ್ತಿಗೆ, ಹಿಟ್ಟಿಲ್ಲದ ದಿನವೂ ಕೊಡವುತ್ತಿದ್ದೆ.

ಮೊದಲು ಬಾಯಿಬಿಟ್ಟವಳು ಅವಳು. ಒಂದು ಶನಿವಾರ ಮಧ್ಯಾಹ್ನ ಕ್ಲಾಸು ಬೇಗ ಬಿಟ್ಟಿತ್ತು. ರಾಗಿಗುಡ್ಡದ ಮೇಲೆ ಬಂಡೆಗೆ ಒರಗಿ ಕೂತು ಸೌತೆಕಾಯಿ ತಿನ್ನುತ್ತಿದ್ದೆವು. ಉಪ್ಪುಖಾರ ಹಚ್ಚಿದ ಹೋಳನ್ನು ಅಗಿಯುತ್ತಲೇ ಅವಳು, "ಮಂಜು, ನನಗೆ ನೀನಂದ್ರೆ ಇಷ್ಟ. ಫ್ರೆಂಡ್ ಥರ ಅಲ್ಲ ಮತ್ತೆ. ಇನ್ನೊಂದು ಥರ," ಎಂದಳು.

ಕೆಳಗಿನ ಮೆಟ್ಟಿಲಲ್ಲಿ ಯಾರೋ ಹತ್ತಿ ಬರುತ್ತಿದ್ದರು. "ಮೆಲ್ಲಗೆ ಮಾತಾಡೇ," ಎಂದೆ. ಅದು ನನ್ನ ಮೊದಲ ಉತ್ತರ. ಹತ್ತುತ್ತಿದ್ದವರು ದಾಟಿ ಹೋದ ಮೇಲೆ, "ನನಗೂ," ಎಂದೆ. ಅವಳು ಆ ಎರಡನೆಯದನ್ನು ಮಾತ್ರ ನೆನಪಿಟ್ಟುಕೊಂಡಳು. ಮೊದಲನೆಯದನ್ನೇ ನೆನಪಿಟ್ಟುಕೊಂಡಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತು.

ಹುಡುಗಿಯರಿಬ್ಬರು ಕೈ ಹಿಡಿದು ನಡೆದರೆ ನಮ್ಮೂರಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ನೋಡುವುದಿಲ್ಲ, ಒಂದೇ ಚಾಪೆಯಲ್ಲಿ ಮಲಗಿದರೂ ನೋಡುವುದಿಲ್ಲ. ಅದು ನಮಗೆ ಎಂಥ ಅನುಕೂಲ ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಲಿಖಿತಾಗೆ ಅದೇ ಉರಿ. "ಕಣ್ಣೆದುರಿಗೇ ಇದ್ರೂ ಕಾಣಲ್ಲ ಅಂದ್ರೆ, ನಾವು ಇದ್ದೀವೋ ಇಲ್ವೋ?" ಎನ್ನುತ್ತಿದ್ದಳು.

ನಾವು ಇದ್ದೇವೆಂದು ಯಾರಾದರೂ ಬರೆದಿರಬಹುದೆಂದು ಲೈಬ್ರರಿಯಲ್ಲಿ ಹುಡುಕಿದೆವು. ಕನ್ನಡದ ಕಪಾಟುಗಳಲ್ಲಿ ಸಿಗಲಿಲ್ಲ. ಎಲ್ಲೋ ಇದ್ದಿರಬಹುದು, ಲೈಬ್ರರಿಯವರನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ, ಕೇಳಲು ಹೊರಟ ಲಿಖಿತಾಳ ದುಪಟ್ಟಾ ಹಿಡಿದು ಎಳೆದೆ. ಆಮೇಲೆ ಅವಳ ಮೊಬೈಲಿನಲ್ಲಿ ಇಂಗ್ಲಿಷಿನ ಮೂರ್ನಾಲ್ಕು ಕಾದಂಬರಿ ಓದಿದೆವು, ನಮ್ಮ ವಯಸ್ಸಿನವರಿಗೆಂದೇ ಬರೆದವು. ಅದರಲ್ಲಿ ಹುಡುಗಿಯರು ಸ್ಕೂಲಿನ ಲಾಕರ್ ಹತ್ತಿರ ನಿಂತು ಮುತ್ತು ಕೊಡುತ್ತಾರೆ. ನಮಗೆ ಲಾಕರ್ ಎಂದರೆ ಬ್ಯಾಂಕಿನಲ್ಲಿ ಒಡವೆ ಇಡುವುದು. ಕೊನೆಯಲ್ಲಿ ಅಮ್ಮ ಅಡುಗೆಮನೆಯಲ್ಲಿ ನಿಂತು ಅಳುತ್ತಾಳೆ, ಮಗಳನ್ನು ತಬ್ಬಿಕೊಳ್ಳುತ್ತಾಳೆ, ಕಥೆ ಮುಗಿಯುತ್ತದೆ. "ನಮ್ಮಮ್ಮ ಅಳ್ತಾಳೆ. ಅಲ್ಲೀತನಕ ಸರಿ ಇದೆ," ಎಂದಳು ಲಿಖಿತಾ. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಹಾಗೆ ಶುರುವಾಯಿತು ನಮ್ಮ ನೋಟ್‌ಬುಕ್. ಇದೇ ಊರಿನ ಕಥೆ, ಇದೇ ಬಸ್ಸು, ಇದೇ ಗುಡ್ಡ. ಒಂದು ಅಧ್ಯಾಯ ಅವಳದು, ಒಂದು ನನ್ನದು, ಒಬ್ಬರಿಗೊಬ್ಬರು ಬರೆದ ಕಾಗದದ ಹಾಗೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯುತ್ತಿದ್ದೆವು, ಇನ್ನೊಂದು ಮಗ್ಗುಲು ತಿದ್ದುವುದಕ್ಕೆಂದು ಖಾಲಿ. ಅವಳು ಮೊದಲ ಅಧ್ಯಾಯ ಬರೆದು ತಂದಳು. ಅದರಲ್ಲಿ ಲಿಖಿತಾ ಎಂದೇ ಇತ್ತು, ಮಂಜು ಎಂದೇ ಇತ್ತು. ಹುಡುಗಿ ಹುಡುಗಿಯನ್ನು ಪ್ರೀತಿಸಿದಳೆಂದು ನಮ್ಮಿಬ್ಬರ ಹೆಸರಿನಲ್ಲಿ ಶಾಯಿಯಲ್ಲಿ ಬರೆದಿಟ್ಟಿದ್ದಾಳೆ. ನಾನು ಪೆನ್ನು ತೆಗೆದು ಮಂಜು ಎಂದಿದ್ದ ಕಡೆಯೆಲ್ಲ ಒತ್ತಿ ಹೊಡೆದುಹಾಕಿದೆ. ನಾಲ್ಕನೇ ಹಾಳೆಯಿಂದ ನನ್ನ ಅಧ್ಯಾಯ. ಅದರ ಮೊದಲ ಸಾಲಲ್ಲಿ ವಸಂತ್ ಎಂದು ಬರೆದೆ.

ಅವಳು ಅದನ್ನು ನೋಡಿ ಹೊಡೆದ ಗೀಟುಗಳ ಮೇಲೆ ಬೆರಳಾಡಿಸಿದಳು. ಆಮೇಲೆ, "ನಿನ್ನನ್ನ ಹುಡುಗ ಮಾಡಿದ್ರೆ ನಾನು ಯಾರನ್ನ ಇಷ್ಟಪಟ್ಟ ಹಾಗಾಯ್ತು?" ಎಂದು ಕೇಳಿದಳು.

"ಯಾರಾದ್ರೂ ಓದಿದ್ರೆ?"

"ಓದ್ಲಿ ಅಂತ ತಾನೇ ಬರೀತಿರೋದು."

"ಪೂರ್ತಿ ಆಗ್ಲಿ ಲಿಖಿ. ಕೊನೇಲಿ ನೋಡೋಣ."

"ನೋಡೋಣ ಅಲ್ಲ. ಕೊನೇ ಅಧ್ಯಾಯ ನೀನು ಬರೀಬೇಕು. ವಸಂತ್ ಅನ್ನೋನು ಯಾರೂ ಇಲ್ಲ, ಅದು ನಾನೇ ಅಂತ ನೀನೇ ಬರೀಬೇಕು. ಒಪ್ಪಿಗೇನಾ?"

ಒಪ್ಪಿಗೆ ಎಂದೆ. ಮುಂದೆಂದೋ ಮಾಡಬೇಕಾದ್ದಕ್ಕೆಲ್ಲ ನಾನು ಬೇಗ ಒಪ್ಪಿಕೊಳ್ಳುತ್ತೇನೆ.

ಭಾನುವಾರಗಳಲ್ಲಿ ನಾನು ಭದ್ರಾವತಿಗೆ ಹೋಗುತ್ತಿದ್ದೆ. ಓದಿಕೊಳ್ಳಲು ಎಂದು ಮನೆಯಲ್ಲಿ ಹೇಳುತ್ತಿದ್ದೆ. ಲಿಖಿತಾಳ ಅಪ್ಪ ಭೈರಪ್ಪ ಕಾರ್ಖಾನೆ ಕೆಲಸ ಬಿಟ್ಟ ಮೇಲೆ ಗಿರಣಿ ಹಾಕಿದವರು. ಮಿತಭಾಷಿ, ಆದರೆ ಕೈ ಮುಂದು. ಅವರು ಮೆಷಿನ್ನಿನ ಹತ್ತಿರ ನಿಂತರೆ, ಅಮ್ಮ ವಿಮಲಮ್ಮ ಡಬ್ಬಿಗಳನ್ನು ನೋಡಿಕೊಳ್ಳುತ್ತಿದ್ದರು. ಗಿರಣಿಗೆ ರಾಗಿ, ಗೋಧಿ, ಅಕ್ಕಿ ತಂದವರು ಡಬ್ಬಿ ಇಟ್ಟು ಹೋಗುತ್ತಾರೆ. ಯಾರ ಡಬ್ಬಿ ಎಂದು ಗೊತ್ತಾಗಲು ಒಂದು ಚೀಟಿಯಲ್ಲಿ ಹೆಸರು ಬರೆದು ಕಾಳಿನ ಮೇಲೆ ಇಡುವುದು, ಬೀಸಿದ ಮೇಲೆ ಅದೇ ಚೀಟಿ ಹಿಟ್ಟಿನ ಮೇಲೆ. ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ನಾಲ್ಕು ಮಾಡಿದರೆ ನಾಲ್ಕು ಚೀಟಿ. ಆ ಚೀಟಿ ಬರೆಯುವ ಕೆಲಸ ಭಾನುವಾರ ನನ್ನ ಪಾಲಿಗೆ ಬಂತು.

"ನೋಡ್ರೀ, ಇವಳ ಅಕ್ಷರ ಎಷ್ಟು ದುಂಡಗಿದೆ," ಎಂದು ವಿಮಲಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದರು. "ನಮ್ಮನೆಯವಳದ್ದು ಕೋಳಿ ಕೆದರಿದ ಹಾಗೆ." ತಲೆಕಟ್ಟನ್ನು ಸ್ವಲ್ಪ ಮೇಲಕ್ಕೆ ಎಳೆದು ಬಿಡುವುದು ನನ್ನ ಅಭ್ಯಾಸ. ಹಿಟ್ಟಿನ ಮೇಲೆ ಆ ಚೀಟಿಗಳನ್ನು ನೋಡುವುದು ನನಗೂ ಇಷ್ಟ. ಅಕ್ಷರದ ಮೇಲೆ ನನಗೆ ಜಂಬ ಇತ್ತು.

ಎರಡನೇ ವರ್ಷದ ಗೌರಿಹಬ್ಬದ ವಾರ ಅದು ಆಯಿತು. ಹಬ್ಬದ ಮುಂಚೆ ಗಿರಣಿಯಲ್ಲಿ ಕಾಲಿಡಲು ಜಾಗವಿಲ್ಲ, ಚಕ್ಕುಲಿಗೆ, ಕಡುಬಿಗೆ, ಎಲ್ಲರಿಗೂ ಅವತ್ತೇ ಹಿಟ್ಟು ಬೇಕು. ಚೀಟಿಯ ಕಾಗದ ಮುಗಿಯಿತು. ವಿಮಲಮ್ಮ ಒಳಗೆ ಹೋಗಿ ಮಗಳ ಹಳೇ ಪಿಯುಸಿ ಪುಸ್ತಕಗಳ ಕಟ್ಟಿನಿಂದ ಕೈಗೆ ಸಿಕ್ಕಿದ ನೋಟ್‌ಬುಕ್ ಎಳೆದು ತಂದರು. ಲಿಖಿತಾ ನಮ್ಮದನ್ನು ಬಚ್ಚಿಟ್ಟಿದ್ದು ಅಲ್ಲೇ. ಹಳೇ ಪುಸ್ತಕ ಯಾರು ಮುಟ್ಟುತ್ತಾರೆ ಎಂದು ಅವಳ ಲೆಕ್ಕ. ಗಿರಣಿ ಮನೆಯಲ್ಲಿ ಮೊದಲು ಮುಟ್ಟುವುದೇ ಹಳೇ ಪುಸ್ತಕವನ್ನು. ಅಲ್ಲೇ ಹುಟ್ಟಿ ಬೆಳೆದವಳಿಗೆ ಅದೊಂದು ಹೊಳೆಯಲಿಲ್ಲ.

ಖಾಲಿ ಮಗ್ಗುಲು ಮೇಲೆ ಮಾಡಿಕೊಂಡು ವಿಮಲಮ್ಮ ಹರಿದರು, ಹೆಸರು ಬರೆದರು, ಡಬ್ಬಿಗೆ ಹಾಕಿದರು. ಹನ್ನೊಂದು ಹಾಳೆ, ನಲವತ್ತನಾಲ್ಕು ಚೀಟಿ. ನಮ್ಮ ಕಥೆ ಹೀಗೆ ಪ್ರಕಟವಾಯಿತು, ಜನ್ನಾಪುರದ ಮನೆಮನೆಗೆ, ಬಿಸಿ ಹಿಟ್ಟಿನ ಮೇಲೆ.

ಎದುರು ಮನೆಯ ಹುಲಿಗೆಮ್ಮನ ಸೊಸೆ ಚೀಟಿ ತಿರುಗಿಸಿ ಓದಿದಳು. "ಲಿಖಿತಾ, ನಿನ್ನ ಕೈ ನನ್ನ ಕೈಯಲ್ಲಿ ಇರುವಾಗ ಕೊನೇ ಬಸ್ಸು ತಪ್ಪಿದರೂ ನನಗೆ ಚಿಂತೆ ಇಲ್ಲ," ಎಂದಿತ್ತು, ಕೆಳಗೆ ವಸಂತ್ ಎಂದಿತ್ತು. ಹುಲಿಗೆಮ್ಮ ಆ ಚೀಟಿ ಹಿಡಿದುಕೊಂಡು ಗಿರಣಿಗೆ ಬಂದರು. ಸಂಜೆಯ ಹೊತ್ತಿಗೆ ಬೀದಿಯವರು ತಮ್ಮ ತಮ್ಮ ಚೀಟಿ ತಿರುಗಿಸಿ ನೋಡಿಕೊಂಡಿದ್ದರು.

ಭೈರಪ್ಪ ಮಗಳ ಮೊಬೈಲ್ ಕಿತ್ತುಕೊಂಡರು, ಕಾಲೇಜು ನಿಲ್ಲಿಸಿದರು. ಯಾರು ಅವನು ಎಂದು ಕೇಳಿದರು, ಹೊಡೆದರು, ಮತ್ತೆ ಕೇಳಿದರು. ಲಿಖಿತಾ ಎರಡು ವಾರ ಒಂದೇ ಮಾತು ಹೇಳಿದಳು. "ವಸಂತ್ ಅನ್ನೋನು ಯಾರೂ ಇಲ್ಲ. ಅದು ಕಥೆ." ಭೈರಪ್ಪ ತಮ್ಮ ಷಡ್ಡಕನ ಜೊತೆ ನಮ್ಮ ಕಾಲೇಜಿನ ಗೇಟಿಗೂ ಬಂದು ಹೋದರು. ಆ ಹೆಸರಿನವರು ಮೂವರಿದ್ದರು, ಮೂವರೂ ಕಂಗಾಲಾಗಿ ಕೈಮುಗಿದರು. ಕೊನೆಗೆ ಭೈರಪ್ಪ ಒಂದು ಮಾತು ಕೊಟ್ಟರು. ನಿಜವಾಗಿ ಅದು ಕಥೆಯೇ ಆಗಿದ್ದರೆ ಕಾಲೇಜಿಗೆ ಹೋಗಲಿ. ಹುಡುಗ ಇದ್ದದ್ದು ಹೌದಾದರೆ ಓದಿದ್ದು ಸಾಕು, ಮದುವೆ.

"ಮಂಜುನ ಕೇಳಿ," ಎಂದಳಂತೆ ಲಿಖಿತಾ. "ಅವಳು ನಿಜ ಹೇಳ್ತಾಳೆ."

ವಿಮಲಮ್ಮ ನನಗೆ ಫೋನ್ ಮಾಡಿದರು. ಭಾನುವಾರ ಹೋದೆ. ಹಬ್ಬ ಮುಗಿದು ಗಿರಣಿ ನಿಂತಿತ್ತು. ಆ ಮನೆಯನ್ನು ಸದ್ದಿಲ್ಲದೆ ನಾನು ನೋಡಿದ್ದು ಅದೇ ಮೊದಲು. ಭೈರಪ್ಪ ಕುರ್ಚಿಯಲ್ಲಿ ಕೂತಿದ್ದರು. ವಿಮಲಮ್ಮ ಚಾಪೆಯ ಮೇಲೆ, ತೊಡೆಯ ಮೇಲೆ ಅರ್ಧ ಹರಿದ ನೋಟ್‌ಬುಕ್. ಒಳಕೋಣೆಯ ಬಾಗಿಲಲ್ಲಿ ಲಿಖಿತಾ ನಿಂತಿದ್ದಳು. ಎಡಗೆನ್ನೆ ಊದಿತ್ತು. ನನ್ನನ್ನು ನೋಡಿ ನಕ್ಕಳು, ಇನ್ನೇನು ಎಲ್ಲ ಸರಿಹೋಯಿತು ಎನ್ನುವ ನಗು.

"ಕೂತ್ಕೊ ಮಗಾ," ಎಂದರು ವಿಮಲಮ್ಮ. "ಇವಳು ಕಥೆ ಅಂತಾಳೆ. ಕಥೆ ಅಂದ್ರೆ ಒಬ್ಬರೇ ಬರೀಬೇಕಿತ್ತಲ್ಲ. ಇದರಲ್ಲಿ ಎರಡು ಅಕ್ಷರ ಇದೆ. ಒಂದು ಇವಳದು. ಈ ಇನ್ನೊಂದು ಯಾರದು?"

ಪುಟ ತೆರೆದು ನನ್ನ ಮುಂದೆ ಹಿಡಿದರು. ನನ್ನ ದುಂಡಗಿನ ಅಕ್ಷರ, ಮೇಲಕ್ಕೆ ಎಳೆದ ತಲೆಕಟ್ಟುಗಳು. ನಿನ್ನ ಕುತ್ತಿಗೆಯ ಹಿಂದಿನ ಮಚ್ಚೆ, ನಿನ್ನ ಕೂದಲಿನ ಹಿಟ್ಟು ಎಂದೆಲ್ಲ ಬರೆದಿದ್ದೆ.

ಇವತ್ತು ಯೋಚಿಸಿದರೆ ಎಷ್ಟು ಸುಲಭವಿತ್ತು. "ನನ್ನದು ಆಂಟಿ, ಇಬ್ಬರೂ ಸೇರಿ ಕಥೆ ಬರೀತಿದ್ವಿ," ಎಂದಿದ್ದರೆ ಮುಗಿಯುತ್ತಿತ್ತು. ಹುಡುಗಿಯರ ಹುಚ್ಚಾಟ ಎಂದು ಭೈರಪ್ಪ ಎರಡು ಬೈದು ಗಿರಣಿ ಶುರು ಮಾಡುತ್ತಿದ್ದರು. ಕೈ ಹಿಡಿದು ನಡೆದರೂ ಕಾಣದ ಊರಿಗೆ ಕಥೆ ಬರೆದರೆ ಕಾಣುತ್ತಿತ್ತೇ? ಆದರೆ ಕದ್ದವಳಿಗೆ ಎಲ್ಲರೂ ತನ್ನ ಜೇಬನ್ನೇ ನೋಡುತ್ತಿದ್ದಾರೆಂದು ಅನ್ನಿಸುತ್ತದೆ. ನನ್ನದು ಎಂದು ಒಂದು ಸಲ ಹೇಳಿದರೆ ಆ ಸಾಲುಗಳೆಲ್ಲ ನನ್ನವಾಗುತ್ತವೆ, ಮಚ್ಚೆ ನೋಡಿದವಳು ನಾನಾಗುತ್ತೇನೆ, ವಿನೋಬನಗರಕ್ಕೆ ಸುದ್ದಿ ಹೋಗುತ್ತದೆ, ಅಮ್ಮ ನೇಣು ಹಾಕಿಕೊಳ್ಳುತ್ತಾಳೆ. ಇಷ್ಟೆಲ್ಲ ಒಂದೇ ಉಸಿರಿಗೆ ತಲೆಯಲ್ಲಿ ಹಾದುಹೋಯಿತು.

"ಒಬ್ಬ ಹುಡುಗ ಇದ್ದ ಆಂಟಿ," ಎಂದೆ.

ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಿಸಲು ಆಗಲಿಲ್ಲ. ಕಥೆ ಬರೆದು ರೂಢಿಯಾಗಿತ್ತಲ್ಲ. ಎತ್ತರ ಇದ್ದಾನೆ ಎಂದೆ. ಕಪ್ಪು ಬೈಕ್ ಎಂದೆ. ಶಿಕಾರಿಪುರದ ಕಡೆಯವನು, ನಮ್ಮ ಕಾಲೇಜಿನವನಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದ, ಈಗ ಹುಬ್ಬಳ್ಳಿಗೆ ಹೋಗಿಬಿಟ್ಟ, ಎಲ್ಲ ಮುಗಿದಿದೆ ಎಂದೆ. ಅವನನ್ನು ಊರು ಬಿಡಿಸಿದರೆ ವಿಷಯ ತಣ್ಣಗಾಗುತ್ತದೆ ಎಂದುಕೊಂಡೆ. ಭೈರಪ್ಪ ಕುರ್ಚಿಯಿಂದ ಎದ್ದು, ಮಗಳ ಕಡೆ ನೋಡದೆ ಹೊರಗೆ ಹೋದರು.

ಲಿಖಿತಾ ಬಾಯಿ ತೆರೆದಳು. ಆ ಅಕ್ಷರ ಇವಳದೇ ಎಂದು ಅವಳೊಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಎರಡು ವಾರ ಏಟು ತಿಂದವಳು ಅವಳು, ಆಗಲೂ ನನ್ನನ್ನು ಉಳಿಸಿದಳು.

ವಿಮಲಮ್ಮ ನೋಟ್‌ಬುಕ್ ಮುಚ್ಚಿದರು. "ಹುಡುಗ ಅಂತಾಯ್ತಲ್ಲ. ಸಾಕು ಬಿಡು," ಎಂದರು. ಅವರ ಮುಖದಲ್ಲಿ ನೆಮ್ಮದಿಯಂಥದ್ದೇನೋ ಕಂಡಿತು. ಮಗಳು ಕೈತಪ್ಪಿಲ್ಲ ಎನ್ನುವ ಸಮಾಧಾನ ಇರಬೇಕು ಎಂದು ನಾನು ತಿಳಿದೆ. ನನಗೆ ಕಾಫಿ ಕೊಟ್ಟು ಕಳಿಸಿದರು. ಆ ಕಾಫಿಯನ್ನು ನಾನು ಕುಡಿದೆ.

ಮೂರು ತಿಂಗಳಲ್ಲಿ ಗಂಡು ಗೊತ್ತಾಯಿತು. ಚನ್ನಗಿರಿಯವನು, ರೂಪೇಶ್ ಎಂದು ಹೆಸರು, ಸೊಸೈಟಿಯಲ್ಲಿ ಕೆಲಸ. ಕುಡಿಯುವುದಿಲ್ಲವಂತೆ, ಮದುವೆಯಾದ ಮೇಲೆ ಬೇಕಾದರೆ ಕರೆಸ್ಪಾಂಡೆನ್ಸಿನಲ್ಲಿ ಓದಲಿ ಎಂದನಂತೆ. ಕೆಟ್ಟವನಾಗಿದ್ದರೆ ಶಾಪ ಹಾಕಲು ಒಬ್ಬನಾದರೂ ಸಿಗುತ್ತಿದ್ದ. ನಾನು ದಿನಾ ಕಾಲೇಜಿಗೆ ಹೋದೆ. ಲ್ಯಾಬಿನಲ್ಲಿ ಮೈಕ್ರೋಸ್ಕೋಪು ನನಗೊಬ್ಬಳಿಗೇ ಆಯಿತು. ಲಿಖಿತಾಳ ನಂಬರು ಸ್ವಿಚ್ ಆಫ್. ಹೊಸ ನಂಬರು ಕೊಟ್ಟಿದ್ದಾರೆಂದು ಕೇಳಿದೆ, ಅವಳಾಗಿ ಫೋನ್ ಮಾಡಲಿಲ್ಲ. ನಾನು ಕೇಳಿ ಪಡೆಯಲಿಲ್ಲ.

ಮದುವೆಗೆ ಹದಿನೈದು ದಿನ ಇರುವಾಗ ವಿಮಲಮ್ಮನ ಫೋನ್ ಬಂತು. "ಮಂಜು, ಪತ್ರಿಕೆ ಪ್ರಿಂಟಾಗಿ ಬಂದಿದಾವೆ. ಹೆಸರು ಬರೆದುಕೊಡೋಕೆ ಬಾ ಮಗಾ. ಆ ಅಕ್ಷರ ನಮ್ಮಲ್ಲಿ ಯಾರಿಗೂ ಇಲ್ಲ."

ನಮ್ಮ ಕಡೆ ಹಾಗೇ. ಮನೆಗೆ ಬಳಕೆಯಿರುವ, ಒಳ್ಳೆಯ ಅಕ್ಷರದವರು ಯಾರಾದರೂ ಬಂದು ಲಗ್ನಪತ್ರಿಕೆಯ ಕವರಿನ ಮೇಲೆ ಬಂಧುಗಳ ಹೆಸರು ಬರೆದುಕೊಡುತ್ತಾರೆ. ಬೇಡ ಎನ್ನುವುದಕ್ಕಿಲ್ಲ. ಫೋನ್ ಇಟ್ಟ ಮೇಲೆ ನನಗೆ ಹೊಳೆಯಿತು. ಆ ಮನೆಯಲ್ಲಿ ನೋಟ್‌ಬುಕ್ ಇದೆ. ನಾನು ಒಂದು ಕವರು ಬರೆದರೆ ಸಾಕು, ವಸಂತ್ ಯಾರೆಂದು ವಿಮಲಮ್ಮನಿಗೆ ತಿಳಿದುಹೋಗುತ್ತದೆ. ಎರಡು ದಿನ ಬಾಗಿಲು ಹಾಕಿಕೊಂಡು ಅಕ್ಷರ ಕೆಡಿಸಿ ಬರೆಯುವುದನ್ನು ಅಭ್ಯಾಸ ಮಾಡಿದೆ, ನಿಜ ಹೇಳುತ್ತೇನೆ. ಚೂಪಾಗಿ, ಎಡಕ್ಕೆ ವಾಲಿಸಿ. ನಾಲ್ಕು ಹಾಳೆ ತುಂಬಿಸಿದ ಮೇಲೆ ಅದನ್ನು ನೋಡಿ ನನಗೇ ಹೇಸಿಗೆಯಾಯಿತು. ಹರಿದು ಹಾಕಿದೆ.

ಭದ್ರಾವತಿಯ ಬಸ್ಸಿನಲ್ಲಿ ಕೂತಾಗ ತೀರ್ಮಾನ ಮಾಡಿದೆ. ನನ್ನ ಅಕ್ಷರದಲ್ಲೇ ಬರೆಯುತ್ತೇನೆ. ಬಾಯಲ್ಲಿ ಹೇಳಲು ಬಾರದಿದ್ದರೆ ಬೇಡ, ಕವರು ಹೇಳಲಿ. ಗುರುತು ಹಿಡಿಯಲಿ, ಕಿರುಚಲಿ, ಜುಟ್ಟು ಹಿಡಿದು ಹೊರಗೆ ತಳ್ಳಲಿ, ಅಮ್ಮನಿಗೆ ಹೇಳಲಿ. ಹುಡುಗ ಇರಲಿಲ್ಲ ಎಂದು ಗೊತ್ತಾದರೆ ಮದುವೆ ನಿಲ್ಲಬಹುದು. ನಾನು ಒಪ್ಪಿಕೊಂಡಿದ್ದ ಕೊನೇ ಅಧ್ಯಾಯ ಇದೇ ಎಂದುಕೊಂಡೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನಗೆ ನನ್ನ ಮೇಲೆ ಸ್ವಲ್ಪ ಮರ್ಯಾದೆ ಬಂತು.

ಗಿರಣಿ ಓಡುತ್ತಿತ್ತು. ಭೈರಪ್ಪ ಮೆಷಿನ್ನಿನ ಹತ್ತಿರ ನಿಂತು ನನಗೆ ತಲೆಯಾಡಿಸಿದರು. ನಡುಮನೆಯ ಚಾಪೆಯ ಮೇಲೆ ಪತ್ರಿಕೆಗಳ ಕಟ್ಟು ಬಿಚ್ಚಿಟ್ಟಿದ್ದರು. ಲಿಖಿತಾ ಒಂದು ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು, ತನ್ನ ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ತಾನೇ ಹಚ್ಚುತ್ತಿದ್ದಳು. ಒಂದಾದ ಮೇಲೆ ಒಂದು, ತಲೆ ಎತ್ತದೆ. ತೆಳ್ಳಗಾಗಿದ್ದಳು. ಕೂದಲಲ್ಲಿ ಹಿಟ್ಟಿತ್ತು. ನನ್ನ ಕೈ ತಾನಾಗಿ ಅತ್ತ ಎದ್ದಿತು, ಮಡಿಲಲ್ಲಿ ಇಟ್ಟುಕೊಂಡೆ.

ಮೊದಲ ಪತ್ರಿಕೆ ಮನೆದೇವರಿಗೆ. ಪೆನ್ನು ತೆಗೆದು, ನನ್ನ ದುಂಡಗಿನ ಅಕ್ಷರದಲ್ಲಿ, ತಲೆಕಟ್ಟು ಮೇಲಕ್ಕೆ ಎಳೆದು, ದೇವರ ಹೆಸರು ಬರೆದೆ. ವಿಮಲಮ್ಮನ ಕೈಗೆ ಕೊಟ್ಟೆ. ಅವರು ನೋಡಿದರು. ಕಣ್ಣಿಗೆ ಒತ್ತಿಕೊಂಡು ಪಕ್ಕಕ್ಕಿಟ್ಟರು.

"ಚೆನ್ನಾಗಿ ಬಂದಿದೆ. ಮುಂದಿನದು ಬರಿ. ಕಡೂರಿನ ನಮ್ಮಣ್ಣ ರಂಗಪ್ಪ."

ನಾನು ಬರೆಯಲಿಲ್ಲ. "ಆಂಟಿ, ಸರಿಯಾಗಿ ನೋಡಿ. ಈ ಅಕ್ಷರ..."

"ಗೊತ್ತು ಕಣಮ್ಮ," ಎಂದರು ವಿಮಲಮ್ಮ.

ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಹೊರಗೆ ಗಿರಣಿಯ ಸದ್ದು ಇತ್ತು, ನಾವು ಮಾತಾಡಿದ್ದು ಬಾಗಿಲಾಚೆ ಹೋಗುವಂತಿರಲಿಲ್ಲ. "ವರ್ಷದ ಮೇಲಾಯ್ತು, ನಮ್ಮ ಡಬ್ಬಿಗಳಿಗೆಲ್ಲ ಚೀಟಿ ಬರೆದಿದ್ದು ನೀನು. ನಾನು ಏಳನೇ ಕ್ಲಾಸು ಓದಿರಬಹುದು, ನಿನ್ನ ಅಕ್ಷರ ಗುರುತು ಸಿಗಲ್ವಾ? ಹುಲಿಗೆಮ್ಮ ಆ ಚೀಟಿ ತಂದು ಮುಖದ ಮುಂದೆ ಹಿಡಿದಾಗಲೇ ಗೊತ್ತಾಯ್ತು."

ನಾನು ಎಂಥ ದಡ್ಡಿ. ಆ ಅಕ್ಷರವನ್ನು ಬೀದಿಗೆಲ್ಲ ತೋರಿಸಿ ಹೊಗಳಿದವರು ಅವರೇ ಎನ್ನುವುದು ಹೆದರಿಕೆಯಲ್ಲಿ ನನಗೆ ಮರೆತೇಹೋಗಿತ್ತು.

"ಮತ್ತೆ ಅವತ್ತು ಯಾಕೆ ಕೇಳಿದ್ರಿ?"

"ಹುಡುಗ ಅಂತ ನಿನ್ನ ಬಾಯಿಂದ ಬರ್ಲಿ ಅಂತ. ಇವಳು ಇಲ್ಲ ಇಲ್ಲ ಅಂತಲೇ ಇದ್ಲು. ಇನ್ನೆರಡು ದಿನ ಹೊಡೆದಿದ್ರೆ ಇರೋದನ್ನ ಹೇಳಿಬಿಡ್ತಿದ್ಲು. ಹುಡುಗ ಅಂದ್ರೆ ನಮ್ಮ ಯಜಮಾನ್ರು ಬೈತಾರೆ, ಹೊಡೀತಾರೆ, ಮದುವೆ ಮಾಡ್ತಾರೆ. ಅದು ನಾಲ್ಕು ಮನೇಲಿ ನಡೆಯೋದೇ. ಇನ್ನೊಂದು ಅಂದಿದ್ರೆ ಏನು ಮಾಡ್ತಿದ್ರೋ ನನಗೆ ಗೊತ್ತಿಲ್ಲ. ನನ್ನ ಮಗಳು ಜೀವ ಸಹಿತ ಇರ್ಬೇಕಿತ್ತು." ಅವರು ಒಂದು ಕವರನ್ನು ನನ್ನ ಮುಂದೆ ಸರಿಸಿದರು. "ನೀನು ಒಳ್ಳೇ ಹುಡುಗಿ, ಸರಿಯಾಗಿ ಹೇಳ್ದೆ. ಬರಿ. ಕಡೂರು ರಂಗಪ್ಪ."

ನನ್ನ ಧೈರ್ಯ ಅಲ್ಲಿಗೆ ಮುಗಿಯಿತು. ಒಪ್ಪಿಕೊಂಡರೆ ಏನೋ ಮುರಿದು ಬೀಳುತ್ತದೆ ಎಂದು ಬಂದಿದ್ದೆ. ಬೀಳಲು ಏನೂ ಇರಲಿಲ್ಲ. ತಿಳಿಯಬೇಕಾದವರಿಗೆ ಮೊದಲೇ ತಿಳಿದಿತ್ತು, ತಿಳಿದೇ ಮದುವೆ ಗೊತ್ತುಮಾಡಿದ್ದರು. ಭೈರಪ್ಪನಿಗೆ ಹೋಗಿ ಹೇಳಬಹುದಿತ್ತು, ಹತ್ತು ಹೆಜ್ಜೆ. ಊದಿದ ಆ ಕೆನ್ನೆ ನೆನಪಾಯಿತು. ಆ ನೆನಪನ್ನೂ ನಾನು ನನ್ನ ಹೇಡಿತನಕ್ಕೆ ನೆಪ ಮಾಡಿಕೊಂಡೆನೋ ಏನೋ, ಇವತ್ತಿಗೂ ತಿಳಿಯುವುದಿಲ್ಲ. ಕಡೂರು ರಂಗಪ್ಪ ಎಂದು ಬರೆದೆ.

ವಿಮಲಮ್ಮ ಇನ್ನಷ್ಟು ಅರಿಶಿನ ತರಲು ಅಡುಗೆಮನೆಗೆ ಹೋದರು. ನಾವಿಬ್ಬರೇ ಉಳಿದೆವು.

"ಲಿಖಿ," ಎಂದೆ.

"ಅಮ್ಮನಿಗೆ ಗೊತ್ತು ಅಂತ ನನಗೂ ಗೊತ್ತಿತ್ತು," ಎಂದಳು ಅವಳು. ತಲೆ ಎತ್ತಲಿಲ್ಲ. ಎಷ್ಟು ಮೆಲ್ಲಗೆ ಹೇಳಿದಳೆಂದರೆ ಗಿರಣಿಯ ಸದ್ದಿನಲ್ಲಿ ನಾನು ಬಗ್ಗಿ ಕೇಳಬೇಕಾಯಿತು. ಅವಳಿಗೆ ಮೆಲ್ಲಗೆ ಮಾತಾಡಲು ಬಂದಿತ್ತು. "ಒಬ್ಬ ಹುಡುಗ ಇದ್ದ ಅಂದುಬಿಡು, ಏಟು ನಿಲ್ಲತ್ತೆ ಅಂತ ಮೂರನೇ ದಿನವೇ ಹೇಳಿದ್ಲು. ನಾನು ಅನ್ಲಿಲ್ಲ. ಯಾಕೆ ಗೊತ್ತಾ? ನಿನ್ನನ್ನ ಹುಡುಗ ಮಾಡೋಕೆ ನನಗೆ ಮನಸ್ಸು ಬರ್ಲಿಲ್ಲ."

ನನಗೆ ಅಳು ಬಂತು. ಅವಳು ಅಳಲಿಲ್ಲ. ಇನ್ನೊಂದು ಪತ್ರಿಕೆ ತೆಗೆದುಕೊಂಡು ಮೂಲೆಗಳಿಗೆ ಅರಿಶಿನ ಹಚ್ಚಿದಳು.

ಮಧ್ಯಾಹ್ನ ಮೂರರ ತನಕ ಬರೆದೆ. ಪುಟ್ಟಯ್ಯ ಮತ್ತು ಕುಟುಂಬ, ಮೂರ್ತಪ್ಪ ಮತ್ತು ಕುಟುಂಬ. ತರೀಕೆರೆ, ಹೊಳೆಹೊನ್ನೂರು, ರವೀಂದ್ರನಗರ. ಅಕ್ಷರ ಒಂದೂ ಕೆಡಲಿಲ್ಲ. ಕೊನೆಗೆ ಒಂದು ಪತ್ರಿಕೆ ಉಳಿಯಿತು. "ಅದು ನಿಮ್ಮನೆಗೆ. ನಿಮ್ಮಪ್ಪ ಅಮ್ಮನ ಹೆಸರು ಬರ್ಕೊ," ಎಂದರು ವಿಮಲಮ್ಮ. ನಾನು ಪೆನ್ನು ಊರಿದೆ. ಲಿಖಿತಾ ಕೈ ಚಾಚಿ ಪೆನ್ನು ತೆಗೆದುಕೊಂಡಳು, ಕವರನ್ನೂ ಎಳೆದುಕೊಂಡಳು. ತೊಡೆಯ ಮೇಲಿಟ್ಟುಕೊಂಡು ತನ್ನ ಕೆದರಿದ ಅಕ್ಷರದಲ್ಲಿ ನಿಧಾನವಾಗಿ ಬರೆದಳು.

ಶ್ರೀ ವಸಂತ್, ವಿನೋಬನಗರ, ಶಿವಮೊಗ್ಗ.

ವಿಮಲಮ್ಮ ಅದನ್ನು ಓದಿದರು. ಉಳಿದ ಕವರುಗಳನ್ನು ಜೋಡಿಸತೊಡಗಿದರು. ಲಿಖಿತಾ ಒಳಗಿನ ಪತ್ರಿಕೆಗೆ ಅರಿಶಿನ ಹಚ್ಚಿ, ಒಣಗಲೆಂದು ಊದಿ, ಕವರಿಗೆ ಹಾಕಿದಳು. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಪತ್ರಿಕೆ ಕೊಡುವಾಗ ಎಲ್ಲರಿಗೂ ಕೊಡುವ ಹಾಗೆ ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದಳು. ಬಾರೇ, ಹೋಗೇ ಎಂದು ಮಾತ್ರ ನನ್ನನ್ನು ಕರೆದು ಗೊತ್ತಿದ್ದವಳು ಅವಳು.

"ಮದುವೆಗೆ ಬನ್ನಿ," ಎಂದಳು.

ನಾನೂ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡೆ. "ಬರ್ತೀನಿ," ಎಂದೆ.